ಪ್ಯಾಡ್ ಕೊಳ್ಳುವ ಮೊದಲು ಚಕ್ರ ಬಿಚ್ಚಿಸಿ

ಪ್ರಶ್ನೆ: ನನ್ನ ಕಾರಿಗೆ ಈಗ 17 ವರ್ಷ. 1,60,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ, ಪ್ಯಾಡ್ ಮತ್ತು ಡಿಸ್ಕ್ ಎರಡೂ ಬದಲಿಸಿ ಅಂತ ಮೆಕ್ಯಾನಿಕ್ ಹೇಳಿದರು. ಕೊಳ್ಳಲು ಹೋದರೆ ಸೆರಾಮಿಕ್, ಸೆಮಿ ಮೆಟಾಲಿಕ್, ತೂತಿನ ಡಿಸ್ಕ್, ಗೀರಿನ ಡಿಸ್ಕ್ ಅಂತ ಹತ್ತು ಬಗೆ ತೋರಿಸುತ್ತಾರೆ. ಇಷ್ಟು ಹಳೆಯ ಕಾರಿಗೆ ದುಬಾರಿ ಸಾಮಾನು ಹಾಕಿಸಬೇಕಾ, ಸಾಧಾರಣದ್ದು ಸಾಕಾ?

ಉತ್ತರ: ಸಾಧಾರಣದ್ದು ಸಾಕು. ಸಾಧಾರಣ ಅಂದರೆ ಕಳಪೆ ಅಂತಲ್ಲ. ನಿಮ್ಮ ಕಾರು ಹೊಸದಾಗಿ ಬಂದಾಗ ಅದರಲ್ಲಿ ಯಾವ ದರ್ಜೆಯ ಪ್ಯಾಡು, ಡಿಸ್ಕು ಇತ್ತೋ ಆ ದರ್ಜೆಯದ್ದು. ಆದರೆ ಇಷ್ಟಕ್ಕೇ ಉತ್ತರ ನಿಲ್ಲಿಸಿದರೆ ನೀವು ಹೋಗಿ ಒಳ್ಳೆಯದೇ ಹಾಕಿಸಿಕೊಂಡು ಬರುತ್ತೀರಿ, ಆರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಸ್ಟಿಯರಿಂಗ್ ನಡುಗುತ್ತಿದೆ ಅಂತ ಬರೆಯುತ್ತೀರಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸೆರಾಮಿಕ್ಕೋ ಮೆಟಾಲಿಕ್ಕೋ ಅನ್ನುವುದಲ್ಲ, ಆ 17 ವರ್ಷ. ಹೊಸ ಕಾರಿನಲ್ಲಿ ಪ್ಯಾಡ್ ಸವೆದರೆ ಪ್ಯಾಡ್ ಸವೆದಿದೆ ಅಷ್ಟೇ, ಬದಲಿಸಿದರೆ ಮುಗೀತು. ಹಳೆ ಕಾರಿನಲ್ಲಿ ಅದು ಹೇಗೆ ಸವೆದಿದೆ ಅಂತ ಮೊದಲು ನೋಡಬೇಕು.

ಇದನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು. ವರ್ಷಗಳ ಹಿಂದೆ ನನ್ನದೇ ಒಂದು ಹಳೆ ಕಾರಿಗೆ ಆಸೆಪಟ್ಟು ಒಳ್ಳೊಳ್ಳೆ ಸೆರಾಮಿಕ್ ಪ್ಯಾಡ್ ತಂದು ಹಾಕಿದೆ. ಐದು ತಿಂಗಳಿಗೆ ಎಡಗಡೆ ಚಕ್ರದಿಂದ ಕಿರ್ರ್ ಅಂತ ಶಬ್ದ. ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಪೂರ್ತಿ ಹೋಗಿ ತಗಡು ಡಿಸ್ಕಿಗೆ ಉಜ್ಜುತ್ತಿದೆ, ಅದೇ ಚಕ್ರದ ಹೊರಗಿನ ಪ್ಯಾಡ್ ಹೊಸದರ ಹಾಗೇ ಇದೆ. ಪ್ಯಾಡ್ ತಯಾರಿಸಿದವರನ್ನು ಬೈದುಕೊಂಡೆ. ತಪ್ಪು ಅವರದ್ದಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಜಾರಬೇಕಾದ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಪ್ಯಾಡ್ ಹಾಕುವಾಗ ನಾನು ಅದನ್ನು ಮುಟ್ಟಿ ಕೂಡ ನೋಡಿರಲಿಲ್ಲ.

ನಿಮ್ಮ ಕಾರಿನಂಥ ಮಾಮೂಲಿ ಕಾರುಗಳಲ್ಲಿ ಕ್ಯಾಲಿಪರ್ ಒಳಗೆ ಪಿಸ್ಟನ್ ಇರುವುದು ಒಂದೇ ಪಕ್ಕ, ಒಳಗಡೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಪೂರ್ತಿಯಾಗಿ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಅಂಟಿಸುತ್ತದೆ. ಪಿನ್ ಜಾರದಿದ್ದರೆ ಕೆಲಸವೆಲ್ಲ ಒಂದೇ ಪ್ಯಾಡ್ ಮೇಲೆ. ಹಾಗಾಗಿ ಚಕ್ರ ಬಿಚ್ಚಿದಾಗ ನಾಲ್ಕೂ ಹಳೆ ಪ್ಯಾಡುಗಳನ್ನು ಎಡ, ಬಲ, ಒಳಗೆ, ಹೊರಗೆ ಅಂತ ಗುರುತು ಹಾಕಿ ಸಾಲಾಗಿ ಇಡಲು ಹೇಳಿ. ಎಲ್ಲ ಹೆಚ್ಚುಕಮ್ಮಿ ಒಂದೇ ಸಮ ಸವೆದಿದ್ದರೆ ನಿಮ್ಮ ಅದೃಷ್ಟ. ಒಂದೇ ಚಕ್ರದ ಒಳಗಿನದ್ದಕ್ಕೂ ಹೊರಗಿನದ್ದಕ್ಕೂ ಎರಡು ಮೂರು ಮಿ.ಮೀ. ಅಂತರ ಇದ್ದರೆ ಪಿನ್ನೋ ಪಿಸ್ಟನ್ನೋ ಸರಿಯಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ, ಓರೆಯಾಗಿ ಸವೆದಿದ್ದರೂ ಹಾಗೇ. ಎಡಗಡೆಯದು ಪೂರ್ತಿ ಹೋಗಿ ಬಲಗಡೆಯದು ಅರ್ಧ ಉಳಿದಿದ್ದರೆ ಒಂದು ಕಡೆಯ ಕ್ಯಾಲಿಪರ್ ಅಥವಾ ಹೋಸ್ ಮೇಲೆ ನನ್ನ ಅನುಮಾನ. ಈ ನಾಲ್ಕು ತುಂಡುಗಳನ್ನು ಐದು ನಿಮಿಷ ನೋಡಿದರೆ ಸಿಗುವಷ್ಟು ಮಾಹಿತಿ ಯಾವ ಬ್ರ್ಯಾಂಡಿನ ಡಬ್ಬಿಯ ಮೇಲೂ ಇರಲ್ಲ.

ಹೋಸ್ ವಿಷಯ ಇನ್ನೊಂದು ಕಥೆ. ಕ್ಯಾಲಿಪರಿಗೆ ಹೋಗುವ ರಬ್ಬರ್ ಪೈಪು ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತದೆ, ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲ್ ಒತ್ತಿದಾಗ ಆ ಒತ್ತಡಕ್ಕೆ ಆಯಿಲ್ ಕ್ಯಾಲಿಪರಿಗೆ ಹೋಗುತ್ತದೆ, ಕಾಲು ತೆಗೆದಾಗ ವಾಪಸ್ ಬರುವುದಿಲ್ಲ. ಬ್ರೇಕ್ ಅರೆಬರೆ ಹಿಡಿದುಕೊಂಡೇ ಇರುತ್ತದೆ, ಡಿಸ್ಕ್ ಕಾಯುತ್ತಲೇ ಇರುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಸ್ವಲ್ಪ ಓಡಿಸಿ ಬಂದ ಮೇಲೆ ಚಕ್ರ ಮೇಲೆತ್ತಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಪುಟ್ಟ ತಿರುಪು, ಸ್ವಲ್ಪ ಸಡಿಲ ಮಾಡಿ. ಚಿರ್ರ್ ಅಂತ ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ, ಹೆಚ್ಚಿನ ಸಲ ಕಾರಣ ಹೋಸ್. ನಿಪ್ಪಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗೇ ಇದ್ದರೆ ಪಿಸ್ಟನ್ ಅಥವಾ ಪಿನ್. 17 ವರ್ಷ ಹಳೆಯ ಹೋಸ್ ಇನ್ನೂ ಕಾರ್ಖಾನೆಯಿಂದ ಬಂದದ್ದೇ ಆಗಿದ್ದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಎರಡನ್ನೂ ಬದಲಿಸಿಬಿಡಿ.

ಈಗ ಆ ನಡುಕ. "ಡಿಸ್ಕ್ ಬೆಂಡ್ ಆಗಿದೆ" ಅನ್ನುವುದು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುವ ಮಾತು. ಎರಕದ ಕಬ್ಬಿಣದ ಡಿಸ್ಕ್ ಅಷ್ಟು ಸುಲಭಕ್ಕೆ ಬೆಂಡ್ ಆಗಲ್ಲ. ಸಾಮಾನ್ಯವಾಗಿ ಆಗಿರುವುದು ಏನಂದರೆ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ. 0.02 ಮಿ.ಮೀ. ಸುಮಾರು ವ್ಯತ್ಯಾಸ ಇದ್ದರೂ ಕಾಲಿಗೆ ಗೊತ್ತಾಗುತ್ತದೆ. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ ಅದು. ದಪ್ಪ ಭಾಗ ಪ್ಯಾಡಿನ ನಡುವೆ ಬಂದಾಗಲೆಲ್ಲ ಬ್ರೇಕ್ ಜಾಸ್ತಿ ಹಿಡಿಯುತ್ತದೆ, ತೆಳು ಭಾಗ ಬಂದಾಗ ಬಿಡುತ್ತದೆ. ಚಕ್ರ ಸೆಕೆಂಡಿಗೆ ಹತ್ತಾರು ಸುತ್ತು ಹಾಕುವ ವೇಗದಲ್ಲಿ ಇದೇ ನಡುಕ.

ಹಾಗಾದರೆ ದಪ್ಪ ಯಾಕೆ ಏರುಪೇರಾಯಿತು? ಇಲ್ಲೇ ಇರುವುದು ವಿಷಯ. ಡಿಸ್ಕ್ ಕೂರುವ ಹಬ್ ಮೇಲೆ ಒಂದು ಚಿಟಿಕೆ ತುಕ್ಕು ಉಳಿದಿದ್ದರೂ ಡಿಸ್ಕ್ ಒಂದು ಎಳೆಯಷ್ಟು ಓರೆಯಾಗಿ ಕೂರುತ್ತದೆ. ಹಬ್ ಹತ್ತಿರ ಇರುವ ಆ ಓರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ದೊಡ್ಡದಾಗುತ್ತದೆ. ಹೀಗೆ ತೊನೆಯುತ್ತಾ ತಿರುಗುವ ಡಿಸ್ಕ್, ಬ್ರೇಕ್ ಒತ್ತದೇ ಇದ್ದಾಗಲೂ, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತದೆ. ಆ ಜಾಗ ಸವೆಯುತ್ತದೆ, ಅಥವಾ ಅಲ್ಲಿ ಪ್ಯಾಡಿನ ಪದಾರ್ಥ ಮೆತ್ತಿಕೊಳ್ಳುತ್ತದೆ. ಮೊದಲ ದಿನ ಏನೂ ಗೊತ್ತಾಗಲ್ಲ. ಕೆಲವು ಸಾವಿರ ಕಿ.ಮೀ. ಆದ ಮೇಲೆ ನಡುಕ ಶುರು. ಹೊಸ ಡಿಸ್ಕ್ ಹಾಕಿಸಿ ಆರು ತಿಂಗಳಿಗೆ ಮತ್ತೆ ಅದೇ ಕಥೆ ಅನ್ನುವವರ ಕಾರಿನಲ್ಲಿ ಬಹಳಷ್ಟು ಸಲ ಆಗಿರುವುದು ಇದೇ. ಪಾಪ, ಡಿಸ್ಕನ್ನು ಬೈಯುತ್ತಾರೆ.

ಹಾಗಾಗಿ ಮೆಕ್ಯಾನಿಕ್ ಹತ್ತಿರ ಕೇಳಬೇಕಾದ್ದು ಎರಡು. ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ ಮುಖವನ್ನು ತಂತಿ ಬ್ರಷ್ಷಿನಲ್ಲಿ ಹೊಳೆಯುವ ತನಕ ಉಜ್ಜಬೇಕು. ಕೂರಿಸಿದ ಮೇಲೆ ಎಲ್ಲ ನಟ್ಟು ಬಿಗಿದು, ಡಯಲ್ ಗೇಜ್ (ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು, ಡಿಸ್ಕ್ ತಿರುಗಿಸಿ ತೊನೆತ ಎಷ್ಟಿದೆ ಅಂತ ನೋಡಬೇಕು. ಮಿತಿ ಕಾರಿನಿಂದ ಕಾರಿಗೆ ಬೇರೆ, ಆದರೆ 0.05 ಮಿ.ಮೀ. ಒಳಗಿದ್ದರೆ ನೆಮ್ಮದಿಯಾಗಿರಬಹುದು. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೇಗೆ ಕೂರಿಸಿದರೂ ಕಡಿಮೆಯಾಗದಿದ್ದರೆ ಹಬ್ ಅಥವಾ ಬೇರಿಂಗ್ ನೋಡಬೇಕು. ಡಯಲ್ ಗೇಜ್ ಇಲ್ಲ, ಕಣ್ಣಂದಾಜಲ್ಲೇ ಹೇಳ್ತೀನಿ ಅನ್ನುವವರಿಗೆ ನಮಸ್ಕಾರ ಹೇಳಿ ಬೇರೆ ಕಡೆ ಹೋಗಿ. ಕೂದಲಿಗಿಂತ ತೆಳ್ಳಗಿರುವುದನ್ನು ಕಣ್ಣಂದಾಜಲ್ಲಿ ಹೇಗೆ ನೋಡ್ತಾರೆ?

ನಿಮಗೆ ಹೊಸ ಡಿಸ್ಕ್ ನಿಜಕ್ಕೂ ಬೇಕಾ ಅನ್ನುವುದನ್ನೂ ಅಳತೆಯೇ ಹೇಳಬೇಕು. ಡಿಸ್ಕಿನ ಅಂಚಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟು ಅಂತ ಎರಕದಲ್ಲೇ ಬರೆದಿರುತ್ತಾರೆ. ತುಕ್ಕು ಉಜ್ಜಿದರೆ ಕಾಣುತ್ತದೆ. ಉದಾಹರಣೆಗೆ ಹೊಸದಾಗಿ 22 ಮಿ.ಮೀ. ಇದ್ದ ಡಿಸ್ಕಿಗೆ 20 ಕನಿಷ್ಠ ಅಂತ ಇರಬಹುದು. ಅಂದರೆ ಸವೆಯಲು ಇರುವುದೇ ಎರಡು ಮಿ.ಮೀ., ಎರಡೂ ಮುಖ ಸೇರಿ. ಅಳೆಯುವಾಗ ಮೈಕ್ರೊಮೀಟರ್ ಬಳಸಿ. ಸುತ್ತಲೂ ಏಳೆಂಟು ಕಡೆ ಅಳೆದರೆ ದಪ್ಪದ ಏರುಪೇರು ಕೂಡ ಅಲ್ಲೇ ಸಿಕ್ಕಿಬೀಳುತ್ತದೆ. ಸಾದಾ ವರ್ನಿಯರಿನಲ್ಲಿ ಅಳೆದರೆ ಅದರ ದವಡೆ ಡಿಸ್ಕಿನ ಅಂಚಲ್ಲಿ ಸವೆಯದೆ ಉಳಿದ ದಿಣ್ಣೆಗೆ ಸಿಕ್ಕಿ ತಪ್ಪು ಲೆಕ್ಕ ಬರುತ್ತದೆ. ಕನಿಷ್ಠಕ್ಕಿಂತ ಸಾಕಷ್ಟು ಮೇಲಿದ್ದು, ಬಿರುಕು, ಆಳವಾದ ಗೀರು ಇಲ್ಲದಿದ್ದರೆ ಲೇತಿನಲ್ಲಿ ತಿರುಗಿಸಿ ಮುಖ ಸಮ ಮಾಡಿಸಬಹುದು. ತಿರುಗಿಸಿದ ಮೇಲೂ ಕನಿಷ್ಠಕ್ಕಿಂತ ಮೇಲೇ ಉಳಿಯಬೇಕು, ಇಲ್ಲದಿದ್ದರೆ ಬೇಡ. ತೆಳು ಡಿಸ್ಕಿಗೆ ಬಿಸಿ ಹಿಡಿದುಕೊಳ್ಳುವ ಶಕ್ತಿ ಕಡಿಮೆ. ನಿಮ್ಮದು ಮೊದಲ ಡಿಸ್ಕೇ ಆಗಿದ್ದರೆ 1,60,000 ಕಿ.ಮೀ. ಆದ ಮೇಲೆ ಬಹುಶಃ ಹೊಸದೇ ಬೇಕಾಗುತ್ತದೆ. ಒಳಮುಖ ನೋಡುವುದನ್ನು ಮಾತ್ರ ಮರೆಯಬೇಡಿ. ಹೊರಗಡೆ ಕನ್ನಡಿಯ ಹಾಗಿದ್ದು ಒಳಗಡೆ ತುಕ್ಕು ತಿಂದು ಹಾಕಿರುವ ಡಿಸ್ಕುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಡಿಸ್ಕ್ ಯಾವುದು ಅಂತ ಕೇಳಿದಿರಲ್ಲ, ಸಾದಾ ಡಿಸ್ಕ್. ತೂತು, ಗೀರು ಯಾವುದೂ ಬೇಡ. ಹಿಂದಿನ ಕಾಲದ ಪ್ಯಾಡುಗಳು ವಿಪರೀತ ಕಾದಾಗ ಅವುಗಳೊಳಗಿನ ಅಂಟು ಆವಿಯಾಗಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಒಂದು ಪದರದ ಹಾಗೆ ನಿಲ್ಲುತ್ತಿತ್ತು. ಆ ಗಾಳಿ ಹೊರಹೋಗಲಿ ಅಂತ ತೂತು ಕೊರೆದದ್ದು. ಈಗಿನ ಪ್ಯಾಡುಗಳಲ್ಲಿ ರಸ್ತೆಯ ಓಡಾಟಕ್ಕೆ ಆ ತೊಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೀರಿನ ಡಿಸ್ಕ್ ಪ್ಯಾಡಿನ ಮುಖವನ್ನು ಕೆರೆಯುತ್ತಾ ಇರುತ್ತದೆ, ರೇಸಿಗೆ ಅದು ಒಳ್ಳೆಯದು, ನಿಮಗೆ ಪ್ಯಾಡ್ ಬೇಗ ಸವೆಯುತ್ತದೆ, ಜೊತೆಗೆ ಒಂದು ಗುಂಯ್ ಶಬ್ದ ಉಚಿತ. ತೂತಿನ ಡಿಸ್ಕಿನಲ್ಲಿ ತೂತಿನ ಬಾಯಿಂದಲೇ ಬಿರುಕು ಶುರುವಾಗಬಹುದು. ಅಗ್ಗದ ತೂತಿನ ಡಿಸ್ಕಂತೂ ದುಡ್ಡು ಕೊಟ್ಟು ತಂದುಕೊಂಡ ತಲೆನೋವು. ನೋಡಲು ಚಂದ, ಅದನ್ನು ಒಪ್ಪುತ್ತೇನೆ. ಕ್ಯಾಲಿಪರಿಗೆ ಕೆಂಪು ಬಣ್ಣ ಹೊಡೆದರೂ ನೋಡಲು ಚಂದವೇ, ಕಾರು ಒಂದು ಅಡಿ ಮುಂಚೆ ನಿಲ್ಲುವುದಿಲ್ಲ.

ಜಾಸ್ತಿ ದುಡ್ಡು ಕೊಡಲೇಬೇಕು ಅಂತಿದ್ದರೆ ಲೇಪನ ಇರುವ ಡಿಸ್ಕಿಗೆ ಕೊಡಿ. ನಡುವಿನ ಟೋಪಿಗೆ, ಅಂಚಿಗೆ, ಗಾಳಿ ಹೋಗುವ ಸಂದುಗಳಿಗೆ ಬೂದು ಬಣ್ಣದ ಸತುವಿನ ಲೇಪನ ಕೊಟ್ಟಿರುತ್ತಾರೆ. ತುಕ್ಕು ತಡವಾಗಿ ಬರುತ್ತದೆ, ಮುಂದಿನ ಸಲ ಡಿಸ್ಕ್ ಹಬ್ಬಿಗೆ ಕಚ್ಚಿಕೊಂಡು ಸುತ್ತಿಗೆಯಲ್ಲಿ ಹೊಡೆಯುವ ಗೋಳು ತಪ್ಪುತ್ತದೆ. ಲೇಪನ ಇಲ್ಲದ ಡಿಸ್ಕ್ ತಂದರೆ ಅದರ ಮೇಲೆ ತುಕ್ಕು ಹಿಡಿಯದಿರಲಿ ಅಂತ ಸವರಿದ ಎಣ್ಣೆ ಇರುತ್ತದೆ, ಬ್ರೇಕ್ ಕ್ಲೀನರಿನಲ್ಲಿ ಪೂರ್ತಿ ತೊಳೆದೇ ಹಾಕಬೇಕು. ಎಣ್ಣೆ ಕುಡಿದ ಪ್ಯಾಡ್ ಮತ್ತೆ ಸರಿಹೋಗಲ್ಲ.

ಪ್ಯಾಡಿಗೆ ಬರೋಣ. ಮೂರು ಜಾತಿ ಅಂದುಕೊಳ್ಳಿ. ಆರ್ಗ್ಯಾನಿಕ್ ಅನ್ನುವುದು ಮೆತ್ತಗಿರುತ್ತದೆ, ಸದ್ದು ಮಾಡಲ್ಲ, ಡಿಸ್ಕನ್ನು ತಿನ್ನಲ್ಲ, ಆದರೆ ತಾನು ಬೇಗ ಸವೆಯುತ್ತದೆ, ಉದ್ದ ಇಳಿಜಾರಿನಲ್ಲಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಸೆಮಿ ಮೆಟಾಲಿಕ್ಕಿನಲ್ಲಿ ತೂಕದ ಸುಮಾರು 30ರಿಂದ 65 ಶೇಕಡಾ ಲೋಹ. ಬಿಸಿಗೆ ಜಗ್ಗಲ್ಲ, ಹಿಡಿತ ಗಟ್ಟಿ, ಆದರೆ ಡಿಸ್ಕನ್ನೂ ಜೊತೆಗೆ ಸವೆಸುತ್ತದೆ, ಕಪ್ಪು ಧೂಳು, ಸ್ವಲ್ಪ ಕಿರಿಕಿರಿ ಸದ್ದು. ಸೆರಾಮಿಕ್ ಸದ್ದಿಲ್ಲದ್ದು, ಧೂಳು ಕಡಿಮೆ, ಇದ್ದರೂ ಬಣ್ಣ ತಿಳಿಯಾದ್ದರಿಂದ ಚಕ್ರದ ಮೇಲೆ ಎದ್ದು ಕಾಣಲ್ಲ. ಬಾಳಿಕೆ ಚೆನ್ನಾಗಿದೆ. ದಿನದ ಓಡಾಟಕ್ಕೆ ಹೇಳಿ ಮಾಡಿಸಿದ್ದು, ಭಾರ ಹೊತ್ತು ಘಾಟಿ ಇಳಿಯುವ ಗಾಡಿಗೆ ನಾನು ಮೊದಲು ಆರಿಸುವುದು ಅದನ್ನಲ್ಲ. ಇವೆಲ್ಲ ಗುಂಪಿನ ಗುಣ ಅಷ್ಟೇ. ಕೆಟ್ಟ ಸೆರಾಮಿಕ್ಕಿಗಿಂತ ಒಳ್ಳೆ ಸೆಮಿ ಮೆಟಾಲಿಕ್ ಎಷ್ಟೋ ಮೇಲು.

ನನ್ನ ಸಲಹೆ: ನಿಮ್ಮ ಕಾರಿಗೆ ಕಂಪನಿ ಮೊದಲು ಯಾವ ಜಾತಿಯದ್ದು ಹಾಕಿತ್ತೋ ಅದೇ ಜಾತಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ನಿಮ್ಮ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಎಲ್ಲವನ್ನೂ ಆ ಹಿಡಿತಕ್ಕೆ ಲೆಕ್ಕ ಹಾಕಿ ಹೊಂದಿಸಿರುತ್ತಾರೆ. ಮುಂದೆ ಮಾತ್ರ ಅತಿಯಾಗಿ ಹಿಡಿಯುವ ಪ್ಯಾಡ್ ಹಾಕಿ ಹಿಂದಿನದನ್ನು ಹಾಗೇ ಬಿಟ್ಟರೆ ಆ ಲೆಕ್ಕ ಕೆಡುತ್ತದೆ. ರೇಸ್ ಪ್ಯಾಡ್ ಅಂತ ಯಾರಾದರೂ ಆಸೆ ತೋರಿಸಿದರೆ ಕಿವಿಗೊಡಬೇಡಿ. ಅವು ಕಾದ ಮೇಲೇ ಹಿಡಿಯುವುದು. ಬೆಳಿಗ್ಗೆ ಗೇಟು ದಾಟುತ್ತಿದ್ದ ಹಾಗೇ ಮಗು ಅಡ್ಡ ಬಂದರೆ ಆಗ ಪ್ಯಾಡ್ ತಣ್ಣಗಿರುತ್ತದೆ ಅಲ್ವಾ?

ಪ್ಯಾಡಿನ ಹಿಂಬದಿಯಲ್ಲೋ ಅಂಚಿನಲ್ಲೋ ಒಂದು ಸಾಲು ಅಂಕಿ ಅಕ್ಷರ ಅಚ್ಚು ಹಾಕಿರುತ್ತಾರೆ. ಕೊನೆಗೆ ಎಫ್ಎಫ್, ಎಫ್ಇ, ಜಿಜಿ ಅಂತ ಎರಡಕ್ಷರ ಕಂಡರೆ ಅದು ಹಿಡಿತದ ಗುರುತು. ಮೊದಲಿನದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಜಾಸ್ತಿ ಕಾದಾಗ. ಇ ಅಂದರೆ ಘರ್ಷಣೆಯ ಅಂಕಿ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಮೊದಲಕ್ಷರ ಎಫ್ ಇದ್ದು ಎರಡನೆಯದು ಇ ಆಗಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಅಂತ ಓದಿಕೊಳ್ಳಿ. ನಾನಾದರೆ ಎರಡೂ ಒಂದೇ ಇರುವುದನ್ನು ಆರಿಸುತ್ತೇನೆ. ಆದರೆ ಇದು ಪುಟ್ಟ ತುಣುಕೊಂದನ್ನು ಯಂತ್ರದಲ್ಲಿ ಉಜ್ಜಿ ನೋಡಿ ಕೊಟ್ಟ ಗುರುತು, ಬಾಳಿಕೆ, ಸದ್ದು, ಧೂಳಿನ ಬಗ್ಗೆ ಏನೂ ಹೇಳಲ್ಲ. ಅದಕ್ಕಿಂತ ನನಗೆ ನಂಬಿಕೆ ಇರುವುದು ಆರ್90 ಅನ್ನುವ ಗುರುತಿನ ಮೇಲೆ. ಯೂರೋಪಿನ ನಿಯಮದ ಪ್ರಕಾರ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನದ್ದಕ್ಕಿಂತ 15 ಶೇಕಡಾಗಿಂತ ಆಚೀಚೆ ಹೋಗಬಾರದು, ಅದನ್ನು ಪರೀಕ್ಷಿಸಿಯೇ ಗುರುತು ಕೊಡುತ್ತಾರೆ. ಪ್ಯಾಡಿನ ತಗಡಿನ ಮೇಲೆ, ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ದೇಶದ ಅಂಕಿ, ಜೊತೆಗೆ 90ರಿಂದ ಶುರುವಾಗುವ ಸಾಲು ಇರುತ್ತದೆ.

ಬ್ರ್ಯಾಂಡ್ ಹೆಸರು ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ಬಾಷ್, ಬ್ರೆಂಬೊ, ಟಿಆರ್‌ಡಬ್ಲ್ಯೂ, ಎಟಿಇ, ಅಕೆಬೊನೊ, ಇವರೆಲ್ಲ ಕಾರು ಕಂಪನಿಗಳಿಗೇ ಬ್ರೇಕಿನ ಸಾಮಾನು ಪೂರೈಸುವವರು, ಯಾರದ್ದಾದರೂ ಆದೀತು. ತೊಂದರೆ ಇರುವುದು ಅವರ ಹೆಸರಿನ ನಕಲಿಯಲ್ಲಿ. ಡಬ್ಬಿಯ ಅಚ್ಚು ಮಸುಕಾಗಿದ್ದರೆ, ಪ್ಯಾಡಿನ ಮೇಲೆ ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ, ಉಜ್ಜುವ ಪದಾರ್ಥದ ಅಂಚು ಪುಡಿಪುಡಿ ಉದುರುತ್ತಿದ್ದರೆ, ಬೆಲೆ ಬೇರೆ ಕಡೆಗಿಂತ ಅರ್ಧಕ್ಕರ್ಧ ಇದ್ದರೆ, ತರಬೇಡಿ. ಪ್ಯಾಡಿನ ತಗಡಿಗೂ ಉಜ್ಜುವ ಪದಾರ್ಥಕ್ಕೂ ನಡುವಿನ ಅಂಟು ಬಿಟ್ಟರೆ ಪದಾರ್ಥ ಹಾಗೇ ಕಿತ್ತು ಬರುತ್ತದೆ. ಹಳೆ ಕಾರಿಗೆ ಇನ್ನೊಂದು ಗೊಂದಲ ಉಂಟು. ಒಂದೇ ಮಾಡೆಲಿಗೆ ವರ್ಷದ ನಡುವೆ ಕ್ಯಾಲಿಪರ್ ಬದಲಾಗಿರಬಹುದು, ಎರಡು ಅಳತೆಯ ಡಿಸ್ಕ್ ಇರಬಹುದು. ಮಾಡೆಲ್ ಹೆಸರು, ವರ್ಷ ಹೇಳಿ ತಂದರೆ ಅರ್ಧ ದಿನ ಹಾಳು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಹುಡುಕಿಸಿ, ಹಳೆ ಡಿಸ್ಕಿನ ವ್ಯಾಸ ಅಳೆದು ತಾಳೆ ನೋಡಿ. ತರುವಾಗ ಎಡ ಬಲ ಎರಡಕ್ಕೂ ಒಂದೇ ಬ್ರ್ಯಾಂಡು, ಒಂದೇ ಜೊತೆ. ಒಂದು ಪಕ್ಕಕ್ಕೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಪ್ಯಾಡ್ ಕೂರುವ ಸ್ಟೀಲ್ ಕ್ಲಿಪ್ಪು, ಪಿನ್ನಿನ ರಬ್ಬರ್ ಬೂಟು ಇವೂ ಹೊಸದೇ ಇರಲಿ. ಪುಡಿಗಾಸಿನ ಸಾಮಾನು, ಇದನ್ನು ಉಳಿಸಲು ಹೋಗಿಯೇ ಪ್ಯಾಡ್ ಹಾಳಾಗುವುದು. ಪಿನ್ನಿಗೆ ಬ್ರೇಕಿಗಂತಲೇ ಇರುವ ಸಿಲಿಕೋನ್ ಗ್ರೀಸ್ ಮಾತ್ರ ಹಾಕಬೇಕು. ಕೈಗೆ ಸಿಕ್ಕ ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚುತ್ತದೆ. ಪಿಸ್ಟನ್ನಿನ ಧೂಳುರಕ್ಷಕ ರಬ್ಬರ್ ಹರಿದಿದ್ದು ಪಿಸ್ಟನ್ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಸೀಲ್ ಕಿಟ್ ಹಾಕಿ, ಅಥವಾ ಕ್ಯಾಲಿಪರನ್ನೇ ಬದಲಿಸಿ.

ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು ಅಂತ ನೆನಪಿಲ್ಲ ಅಲ್ವಾ? ಯಾರಿಗೂ ಇರಲ್ಲ. ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155. ಡಾಟ್ 3ಕ್ಕೆ 205 ಮತ್ತು 140. ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಆಗ ಯಾವ ಪ್ಯಾಡ್ ಇದ್ದರೂ ಒಂದೇ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು, 50ರಿಂದ ನಿಲ್ಲಿಸುವುದಕ್ಕೂ 100ರಿಂದ ನಿಲ್ಲಿಸುವುದಕ್ಕೂ ಅಷ್ಟು ಅಂತರ ಇದೆ. ಕೆಲಸ ಹೇಗೂ ಆಗುತ್ತಿರುವಾಗ ಆಯಿಲ್ ಪೂರ್ತಿ ಬದಲಿಸಿಬಿಡಿ, ಮುಂದೆ ಎರಡು ವರ್ಷಕ್ಕೊಮ್ಮೆ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ಹಾಕಿ. ಡಾಟ್ 5 ಅನ್ನುವುದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಸುವ ಹಾಗಿಲ್ಲ. ಹಳೆ ಕಾರಿನವರು ಮರೆಯಲೇಬಾರದ ಒಂದು ಮಾತಿದೆ. ಬ್ಲೀಡ್ ಮಾಡುವಾಗ, ಅಂದರೆ ಪೆಡಲ್ ಒತ್ತಿ ಹಳೆ ಆಯಿಲ್, ಗಾಳಿ ಹೊರಹಾಕುವಾಗ, ಪೆಡಲನ್ನು ನೆಲ ಮುಟ್ಟುವ ತನಕ ತುಳಿಯಬಾರದು. ದಿನಾ ಪೆಡಲ್ ಅರ್ಧದವರೆಗೆ ಮಾತ್ರ ಹೋಗುತ್ತಿರುತ್ತದೆ, ಅದರಾಚೆ ಮಾಸ್ಟರ್ ಸಿಲಿಂಡರಿನೊಳಗೆ ವರ್ಷಗಳ ತುಕ್ಕು, ಕೆಸರು ಕೂತಿರುತ್ತದೆ. ಸೀಲ್ ಅಲ್ಲಿಗೆ ಹೋದರೆ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಆಯ್ತು.

ಎಲ್ಲ ಜೋಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಗಾಳಿ ಗನ್ನಿನಲ್ಲಿ ಒಂದನ್ನು ಜೋರಾಗಿ, ಇನ್ನೊಂದನ್ನು ಕಡಿಮೆ ಬಿಗಿದರೆ ಡಿಸ್ಕ್ ಮತ್ತೆ ಓರೆ, ಮಾಡಿದ ಕೆಲಸವೆಲ್ಲ ನೀರಿಗೆ. ಗಾಡಿ ಸ್ಟಾರ್ಟ್ ಮಾಡಿ ಗೇರಿಗೆ ಹಾಕುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಯಾಕಂದ್ರೆ ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಇಳಿಸುವಷ್ಟು ಸಾಧಾರಣವಾಗಿ ಒತ್ತಿ ಬಿಡಿ. ಎಂಟು ಹತ್ತು ಸಲ ಹೀಗೆ ಮಾಡಿ, ನಡುವೆ ಸ್ವಲ್ಪ ಓಡಿಸಿ ಗಾಳಿಗೆ ಆರಲು ಬಿಡಿ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಕೂರಬೇಕು. ಆ ಹೊತ್ತಿನಲ್ಲಿ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದುಕೊಂಡರೆ ಕಾದ ಪ್ಯಾಡಿನ ಅಚ್ಚು ಒಂದೇ ಜಾಗದಲ್ಲಿ ಬೀಳುತ್ತದೆ, ಹಾಗಾಗಿ ನಿಲ್ಲಿಸಬೇಡಿ. ಪ್ಯಾಡ್ ಜೊತೆ ಚೀಟಿ ಕೊಟ್ಟಿದ್ದು ಅದರಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಮಾಡಿ.

ಹಿಂದಿನ ಡ್ರಮ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಬಿಚ್ಚಿಸಿ ನೋಡಿ. ಹಿಂದಿನ ಬ್ರೇಕ್ ಸೋಮಾರಿಯಾಗಿದ್ದರೆ ಮುಂದಿನ ಡಿಸ್ಕಿಗೆ ಅದರ ಪಾಲಿನ ಕೆಲಸವೂ ಬೀಳುತ್ತದೆ. ಡ್ರಮ್ಮಿನೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಅಂಚು ಎತ್ತಿದಾಗ ಒದ್ದೆ ಕಂಡರೆ ಅದು ಸೋರುತ್ತಿದೆ. ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಿಂದೆಲ್ಲ ಡ್ರಮ್ಮಿಗೆ ಉಜ್ಜುವ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ನಿಮ್ಮದರಲ್ಲಿ ಇಲ್ಲದಿದ್ದರೂ ಆ ಧೂಳು ಯಾರ ಶ್ವಾಸಕೋಶಕ್ಕೂ ಬೇಡ. ಒದ್ದೆ ಮಾಡಿ ಒರೆಸಲಿ. ಚಕ್ರ ಹಾಕಿ 100 ಕಿ.ಮೀ. ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ರೆಂಚಿನಲ್ಲಿ ನೋಡಿಸಿ, ಮತ್ತೆ ಸಾವಿರ ಕಿ.ಮೀ. ಆದಾಗ ಎಡ ಬಲ ಎರಡೂ ಕಡೆ ಒಳಗಿನ, ಹೊರಗಿನ ಪ್ಯಾಡ್ ದಪ್ಪ ನೋಡಿ ಬರೆದಿಟ್ಟುಕೊಳ್ಳಿ. ಸವೆತ ಸಮನಾಗಿದ್ದೂ ನಡುಕ ಉಳಿದಿದ್ದರೆ ಆ ನಾಲ್ಕು ಅಂಕಿ, ಡಯಲ್ ಗೇಜಿನ ಅಂಕಿ ಎರಡನ್ನೂ ಕಳಿಸಿ, ಆಮೇಲೆ ಹಬ್ ಬೇರಿಂಗು, ಸಸ್ಪೆನ್ಷನ್ ಬುಷ್ ಕಡೆ ಹುಡುಕೋಣ.